ಸಂಸ್ಕೃತಿಪ್ರಸರಣ ಎಂಬ ಪರಿಕಲ್ಪನೆ: ಹಂಪನಕಟ್ಟೆಯ ನೆಲೆಯಿಂದ ಒಂದು ವಿಮರ್ಶೆ

1

ಸಂಸ್ಕೃತಿಯ ಅಂಶಗಳು ಒಂದು ನೆಲದಲ್ಲಿ ಹುಟ್ಟಿ ಮತ್ತೊಂದು ನೆಲಕ್ಕೆ ಹೇಗೆ ಹಬ್ಬುತ್ತವೆ, ಹಬ್ಬಿದ ಮೇಲೆ ಹೇಗೆ ಮಾರ್ಪಡುತ್ತವೆ ಎಂಬ ಪ್ರಶ್ನೆಯು ಇತಿಹಾಸಕಾರನಿಗೂ ಭೂಗೋಳಶಾಸ್ತ್ರಜ್ಞನಿಗೂ ಸಮಾನವಾದುದು. ಇತಿಹಾಸಕಾರನು ‘ಯಾವಾಗ’ ಎಂದು ಕೇಳುತ್ತಾನೆ. ಭೂಗೋಳಶಾಸ್ತ್ರಜ್ಞನು ‘ಎಲ್ಲಿಂದ ಎಲ್ಲಿಗೆ’ ಎಂದು ಕೇಳುತ್ತಾನೆ. ಇವೆರಡಕ್ಕೂ ಉತ್ತರ ದೊರೆತ ಮೇಲೂ ‘ಯಾರು ತೆಗೆದುಕೊಂಡರು, ಏತಕ್ಕಾಗಿ ತೆಗೆದುಕೊಂಡರು, ಯಾರಿಗೆ ಅದು ದಕ್ಕಲಿಲ್ಲ’ ಎಂಬ ಮೂರನೆಯ ಪ್ರಶ್ನೆಯೊಂದು ಉಳಿಯುತ್ತದೆ. ಸಾಂಸ್ಕೃತಿಕ ಭೂಗೋಳಶಾಸ್ತ್ರದ ಪ್ರಸಿದ್ಧ ಪರಿಕಲ್ಪನೆಗಳು ಮೊದಲೆರಡು ಪ್ರಶ್ನೆಗಳಿಗೆ ಸಮರ್ಥವಾಗಿ ಉತ್ತರ ಕೊಡಬಲ್ಲವು. ಮೂರನೆಯದರ ಮುಂದೆ ಅವು ತಡವರಿಸುತ್ತವೆ ಎಂಬುದು ನಮ್ಮ ಅಭಿಪ್ರಾಯ. ಮಂಗಳೂರಿನ ಹಂಪನಕಟ್ಟೆಯನ್ನೂ ಅದರ ಆಸುಪಾಸನ್ನೂ ಆಧಾರವಾಗಿಟ್ಟುಕೊಂಡು ಈ ಅಭಿಪ್ರಾಯವನ್ನು ಪರೀಕ್ಷಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಹಂಪನಕಟ್ಟೆಯನ್ನೇ ಆರಿಸಿಕೊಂಡುದಕ್ಕೆ ಕಾರಣವುಂಟು. 1680ರಲ್ಲಿ ಬಿಷಪ್ ತೋಮಸ್ ದೆ ಕಾಸ್ತ್ರೊ ಅವರು ಕಟ್ಟಿಸಿದ ಮಿಲಾಗ್ರಿಸ್ ಇಗರ್ಜಿಯ ಸ್ಥಾನ ಇಲ್ಲಿದೆ. 1868ರಲ್ಲಿ ಆರಂಭವಾದ, ಇಂದು ವಿಶ್ವವಿದ್ಯಾನಿಲಯ ಕಾಲೇಜೆಂದು ಹೆಸರಾಗಿರುವ ಹಳೆಯ ಸರಕಾರಿ ಕಾಲೇಜು ಇಲ್ಲಿದೆ. ಪಕ್ಕದ ಬಾವುಟಗುಡ್ಡೆಯನ್ನು ಹತ್ತಿದರೆ 1880ರಲ್ಲಿ ಇಟಲಿಯ ಜೆಸುಯಿಟ್ ಪಾದ್ರಿಗಳು ಸ್ಥಾಪಿಸಿದ ಸಂತ ಅಲೋಶಿಯಸ್ ಕಾಲೇಜು, ಪಶ್ಚಿಮಕ್ಕೆ ಇಳಿದರೆ ಹಳೆಯ ಬಂದರು ಮತ್ತು ಝೀನತ್ ಬಕ್ಷ್ ಮಸೀದಿ, ದಕ್ಷಿಣಕ್ಕೆ ಹಂಚಿನ ಕಾರ್ಖಾನೆಗಳ ಜೆಪ್ಪು, ವಾಯವ್ಯಕ್ಕೆ ಕುದ್ರೋಳಿ. ಇವೆಲ್ಲವೂ ನಡೆದೇ ಮುಟ್ಟಬಹುದಾದ ದೂರದಲ್ಲಿವೆ. ಈ ನಡಿಗೆಯಲ್ಲಿ ಒಂದೇ ಊರು ಕನ್ನಡದಲ್ಲಿ ಮಂಗಳೂರು, ತುಳುವಿನಲ್ಲಿ ಕುಡ್ಲ, ಕೊಂಕಣಿಯಲ್ಲಿ ಕೊಡಿಯಾಲ್, ಬ್ಯಾರಿಯಲ್ಲಿ ಮೈಕಾಲ ಎಂದು ಕರೆಯಲ್ಪಡುವುದನ್ನು ಕೇಳಬಹುದು. ಸಂಸ್ಕೃತಿಪ್ರಸರಣದ ಸಿದ್ಧಾಂತವನ್ನು ಒರೆಗೆ ಹಚ್ಚುವುದಕ್ಕೆ ಇದಕ್ಕಿಂತ ತಕ್ಕ ನೆಲ ಸುಲಭವಾಗಿ ದೊರೆಯಲಾರದು.

2

ಮೊದಲು ಪರಿಕಲ್ಪನೆಗಳನ್ನು ಸಂಕ್ಷೇಪವಾಗಿ ನಿರೂಪಿಸುವುದು ಯುಕ್ತ. ಜರ್ಮನಿಯ ಫ್ರೀಡ್ರಿಶ್ ರಾಟ್ಸೆಲ್ ಅವರು 1882 ಮತ್ತು 1891ರಲ್ಲಿ ಎರಡು ಸಂಪುಟಗಳಾಗಿ ಪ್ರಕಟಿಸಿದ ಮಾನವಭೂಗೋಳ ಗ್ರಂಥದಲ್ಲಿ ಜನರ ವಲಸೆಯೂ ವಸ್ತುಗಳ ಸಂಚಾರವೂ ಸಂಸ್ಕೃತಿಯ ಹರಹಿಗೆ ಕಾರಣವೆಂಬ ವಿಚಾರ ಬೇರೂರಿತು. ಅಮೆರಿಕದ ಕಾರ್ಲ್ ಸಾವರ್ ಅವರು 1925ರ ತಮ್ಮ ಪ್ರಸಿದ್ಧ ಪ್ರಬಂಧದಲ್ಲಿ ‘ಸಾಂಸ್ಕೃತಿಕ ಭೂದೃಶ್ಯ’ ಎಂಬ ಪರಿಕಲ್ಪನೆಗೆ ಖಚಿತ ರೂಪ ಕೊಟ್ಟರು. ಮನುಷ್ಯಸಮುದಾಯವು ತನ್ನ ಸಂಸ್ಕೃತಿಯ ಮೂಲಕ ಪ್ರಕೃತಿದತ್ತವಾದ ನೆಲವನ್ನು ತಿದ್ದಿ ರೂಪಿಸಿದಾಗ ಕಣ್ಣಿಗೆ ಬೀಳುವ ಹೊಲ, ಮನೆ, ದಾರಿ, ಗುಡಿಗಳ ಒಟ್ಟುಮೊತ್ತವೇ ಸಾಂಸ್ಕೃತಿಕ ಭೂದೃಶ್ಯ. ಅವರೇ 1952ರಲ್ಲಿ ಬೇಸಾಯದ ಉಗಮ ಹಾಗೂ ಹರಡುವಿಕೆಯನ್ನು ಕುರಿತು ಬರೆದ ಗ್ರಂಥವು ‘ಉಗಮಕೇಂದ್ರ’ ಎಂಬ ಪರಿಕಲ್ಪನೆಯನ್ನು ಪ್ರಚಾರಕ್ಕೆ ತಂದಿತು.

ಪ್ರಸರಣಕ್ಕೆ ಗಣಿತದ ಬಲ ಕೊಟ್ಟವರು ಸ್ವೀಡನ್ನಿನ ಟಾರ್‌ಸ್ಟೆನ್ ಹೇಗರ್‌ಸ್ಟ್ರಾಂಡ್. 1953ರ ಅವರ ಮಹಾಪ್ರಬಂಧವು 1967ರಲ್ಲಿ ಇಂಗ್ಲಿಷಿಗೆ ಬಂದಿತು. ಹುಲ್ಲುಗಾವಲನ್ನು ಸುಧಾರಿಸಲು ಸರಕಾರವು ಕೊಡುತ್ತಿದ್ದ ಸಹಾಯಧನವನ್ನು ಸ್ವೀಡನ್ನಿನ ರೈತರು ಒಬ್ಬರಾದ ಮೇಲೊಬ್ಬರು ಹೇಗೆ ಸ್ವೀಕರಿಸಿದರೆಂಬುದನ್ನು ನಕ್ಷೆಯ ಮೇಲೆ ಗುರುತಿಸಿ, ಹೊಸತೊಂದು ಸಂಗತಿಯು ನೆರೆಯವನಿಂದ ನೆರೆಯವನಿಗೆ ಅಲೆಯಂತೆ ಸಾಗುವುದನ್ನು ಅವರು ತೋರಿಸಿದರು. ಅವರ ತರುವಾಯ ಪಠ್ಯಪುಸ್ತಕಗಳಲ್ಲಿ ಪ್ರಸರಣದ ವರ್ಗೀಕರಣವೊಂದು ನೆಲೆಗೊಂಡಿತು: ಜನರೇ ಸ್ಥಳ ಬದಲಿಸುವುದರಿಂದ ಆಗುವುದು ಸ್ಥಳಾಂತರ ಪ್ರಸರಣ, ಸಮೀಪದಿಂದ ಸಮೀಪಕ್ಕೆ ತಗಲಿಕೊಳ್ಳುವುದು ಸಾಂಕ್ರಾಮಿಕ ಪ್ರಸರಣ, ದೊಡ್ಡ ಪಟ್ಟಣದಿಂದ ಸಣ್ಣದಕ್ಕೆ, ಮೇಲಿನವರಿಂದ ಕೆಳಗಿನವರಿಗೆ ಇಳಿಯುವುದು ಶ್ರೇಣೀಕೃತ ಪ್ರಸರಣ. ಇದಕ್ಕೂ ಮೊದಲೇ, 1940ರಲ್ಲಿ, ಮಾನವಶಾಸ್ತ್ರಜ್ಞ ಕ್ರೋಬರ್ ಅವರು ವಸ್ತುವು ಬಾರದೆ ಅದರ ಭಾವನೆ ಮಾತ್ರವೇ ಬಂದು ಹೊಸ ಸೃಷ್ಟಿಗೆ ಕಾರಣವಾಗುವುದನ್ನು ಪ್ರೇರಣಾಪ್ರಸರಣವೆಂದು ಹೆಸರಿಸಿದ್ದರು. ಎರಡು ಸಂಸ್ಕೃತಿಗಳು ದೀರ್ಘಕಾಲ ಸಂಪರ್ಕದಲ್ಲಿದ್ದಾಗ ಆಗುವ ಮಾರ್ಪಾಡನ್ನು ಪರಸಂಸ್ಕೃತಿಗ್ರಹಣವೆಂದು ಹೇಳುತ್ತಾರೆ.

ಈ ಶಬ್ದಗಳ ಉಪಯುಕ್ತತೆಯನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಅವುಗಳ ಒಳಗೆ ಅಡಗಿರುವ ಉಪಮೆಯನ್ನು ಗಮನಿಸಬೇಕು. ಅಲೆ ಏಳುತ್ತದೆ, ಸೋಂಕು ತಗಲುತ್ತದೆ, ನೀರು ಇಳಿಯುತ್ತದೆ. ಕನ್ನಡದಲ್ಲಿ ನಾವು ಬಳಸುವ ‘ಹಬ್ಬು’, ‘ಹರಡು’ ಎಂಬ ಕ್ರಿಯಾಪದಗಳ ಸ್ವಭಾವವೂ ಇದೇ. ಬಳ್ಳಿ ಹಬ್ಬುತ್ತದೆ, ಬೆಂಕಿ ಹಬ್ಬುತ್ತದೆ. ಈ ಕ್ರಿಯೆಗಳಿಗೆ ಮನುಷ್ಯನು ಕರ್ತೃವಾಗಬೇಕಾಗಿಲ್ಲ. ಹಾಗೆಯೇ ಸಂಸ್ಕೃತಿಯೂ ತಾನಾಗಿಯೇ ಸಾಗುವುದೆಂಬ ಭಾವನೆ ವಿದ್ಯಾರ್ಥಿಯ ಮನಸ್ಸಿನಲ್ಲಿ ಊರಿಬಿಡುತ್ತದೆ. ಕಳುಹಿಸುವ ಕೇಂದ್ರಕ್ಕೆ ಹೆಸರಿರುತ್ತದೆ. ಪಡೆಯುವ ಊರು ನಕ್ಷೆಯ ಮೇಲಿನ ಒಂದು ಚುಕ್ಕೆಯಾಗುತ್ತದೆ. ಚುಕ್ಕೆಯಾಗಿ ಉಳಿದ ಊರುಗಳ ಕಡೆಯಿಂದ ನೋಡಿದರೆ ಚಿತ್ರವು ಹೇಗೆ ಕಾಣುತ್ತದೆಂಬುದನ್ನು ಮುಂದೆ ಕೆಲವು ದೃಷ್ಟಾಂತಗಳಿಂದ ವಿಚಾರಿಸೋಣ.

3

ಮೊದಲನೆಯ ದೃಷ್ಟಾಂತ ಹನ್ನೆರಡನೆಯ ಶತಮಾನದ್ದು. ಟ್ಯುನೀಸಿಯಾದ ಮಹದಿಯಾ ಮೂಲದ ಯಹೂದಿ ವರ್ತಕ ಅಬ್ರಹಾಂ ಬೆನ್ ಯಿಜು 1132ರ ಸುಮಾರಿಗೆ ಮಂಗಳೂರಿಗೆ ಬಂದು 1149ರಲ್ಲಿ ಏಡನ್ನಿಗೆ ಹಿಂದಿರುಗುವವರೆಗೆ ಈ ಕರಾವಳಿಯಲ್ಲಿ ವ್ಯಾಪಾರ ನಡೆಸಿದನು. ಇಲ್ಲಿನ ಆಶು ಎಂಬ ದಾಸಿಯನ್ನು ಬಿಡುಗಡೆ ಮಾಡಿದ ಪತ್ರವು 1132ರ ಅಕ್ಟೋಬರ್ ತಿಂಗಳಿನದು. ಅವನ ಪತ್ರವ್ಯವಹಾರವು ಹಳೆಯ ಕೈರೋ ನಗರದ ಯಹೂದಿ ಮಂದಿರವೊಂದರ ಕಾಗದದ ರಾಶಿಯಲ್ಲಿ ಉಳಿದುಬಂದಿತು. ಗೋಯಿಟೈನ್ ಅವರ ಸಂಶೋಧನೆಯಿಂದ ವಿದ್ವಾಂಸರಿಗೂ, ಅಮಿತಾವ್ ಘೋಷ್ ಅವರ 1992ರ ಗ್ರಂಥದಿಂದ ಸಾಮಾನ್ಯ ವಾಚಕರಿಗೂ ಅದು ಪರಿಚಿತವಾಗಿದೆ. ಪತ್ರಗಳಲ್ಲಿ ಬರುವ ಸೇವಕನ ಹೆಸರನ್ನು ‘ಬೊಮ್ಮ’ ಎಂದು ಓದುವುದಕ್ಕೆ ನಮ್ಮವರೇ ಆದ ಪ್ರೊ. ಬಿ. ಎ. ವಿವೇಕ ರೈ ಅವರ ತುಳು ಪಾಂಡಿತ್ಯವು ಘೋಷ್ ಅವರಿಗೆ ನೆರವಾಯಿತೆಂಬುದು ಇಲ್ಲಿ ಸ್ಮರಣೀಯ.

ಈ ಪತ್ರಗಳಲ್ಲಿ ನಮ್ಮ ವಿಷಯಕ್ಕೆ ಮುಖ್ಯವಾದುದು ಬೆನ್ ಯಿಜು ಇಲ್ಲಿ ನಡೆಸುತ್ತಿದ್ದ ಲೋಹದ ಕಾರ್ಯಾಗಾರ. ಏಡನ್ನಿನ ವರ್ತಕರು ತಾಮ್ರವನ್ನೂ ಒಡೆದ ಹಳೆಯ ಪಾತ್ರೆಗಳನ್ನೂ ಹಡಗಿನಲ್ಲಿ ಕಳುಹಿಸಿ, ಇಂಥ ತೂಕದ, ಇಂಥ ಆಕಾರದ ಪಾತ್ರೆಗಳನ್ನೂ ದೀಪಗಳನ್ನೂ ಮಾಡಿಸಿ ಕಳುಹಿಸೆಂದು ಬರೆಯುತ್ತಿದ್ದರು. ಮಂಗಳೂರಿನ ಕುಶಲಕರ್ಮಿಗಳು ಅವನ್ನು ಕರಗಿಸಿ ಹೊಸದಾಗಿ ಎರೆದು ಕೊಡುತ್ತಿದ್ದರು. ಈ ಪಾತ್ರೆಯ ಉಗಮಕೇಂದ್ರ ಯಾವುದು? ಲೋಹ ಪಶ್ಚಿಮದಿಂದ ಬಂದುದು. ಆಕಾರದ ಕಲ್ಪನೆ ಏಡನ್ನಿನ ಗಿರಾಕಿಯದು. ಕೈ ಮಾತ್ರ ಈ ಊರಿನದು. ವಸ್ತುವು ಬಳಕೆಯಾದುದು ಮತ್ತೆ ಸಮುದ್ರದ ಆಚೆ. ಕೇಂದ್ರದಿಂದ ಅಂಚಿಗೆ ಬಾಣದ ಗುರುತೆಳೆಯುವ ನಕ್ಷೆಯಲ್ಲಿ ಈ ಪಾತ್ರೆಗೆ ಸ್ಥಳವಿಲ್ಲ. ಎರಡು ಶತಮಾನಗಳ ಅನಂತರ, 1340ರ ದಶಕದಲ್ಲಿ, ಇಬ್ನ್ ಬತೂತಾ ಈ ಬಂದರಿನಲ್ಲಿ ಫಾರ್ಸ್ ಮತ್ತು ಯಮನ್ ದೇಶಗಳ ವರ್ತಕರು ಇಳಿಯುತ್ತಿದ್ದುದನ್ನೂ ಮೆಣಸು, ಶುಂಠಿಗಳ ಸಮೃದ್ಧಿಯನ್ನೂ ದಾಖಲಿಸಿದನು. ಇಂಥ ಬಂದರಿನಲ್ಲಿ ಕೊಡುವವನೂ ಕೊಳ್ಳುವವನೂ ಸರದಿಯ ಮೇಲೆ ಸ್ಥಾನ ಬದಲಿಸುತ್ತಿದ್ದರು.

4

ಎರಡನೆಯ ದೃಷ್ಟಾಂತವು ಅಡಿಗೆಮನೆಯದು. ಇದಕ್ಕೆ ನಮ್ಮ ಭಾಷೆಗಳೇ ಸಾಕ್ಷಿ. ಮೆಣಸಿನಕಾಯಿಯೂ ಗೇರುಬೀಜವೂ ಅಮೆರಿಕ ಖಂಡಗಳ ಕಡೆಯ ಬೆಳೆಗಳು. ಹದಿನಾರನೆಯ ಶತಮಾನದಲ್ಲಿ ಪೋರ್ತುಗೀಸರ ಮೂಲಕ ಪಶ್ಚಿಮ ಕರಾವಳಿಗೆ ಬಂದವು. ಉಗಮಕೇಂದ್ರ, ಮಾರ್ಗ, ಕಾಲ ಮೂರೂ ತಿಳಿದಿರುವುದರಿಂದ ಪಠ್ಯಪುಸ್ತಕದ ದೃಷ್ಟಿಯಲ್ಲಿ ಇಲ್ಲಿಗೆ ಕಥೆ ಮುಗಿಯಿತು. ನಿಜವಾದ ಕಥೆ ಆರಂಭವಾಗುವುದು ಅನಂತರವೇ.

‘ಮೆಣಸು’ ಎಂಬುದು ಈ ನಾಡಿನ ಹಳೆಯ ಮಾತು. ಅದು ಘಟ್ಟದ ತಪ್ಪಲಿನ ಬಳ್ಳಿಯಲ್ಲಿ ಬೆಳೆಯುವ ಕಾಳಿನ ಹೆಸರು. ಹೊರಗಿನಿಂದ ಬಂದ ಕೆಂಪು ಕಾಯಿಗೆ ಜನರು ಹೊರಗಿನ ಹೆಸರನ್ನು ಇಡಲಿಲ್ಲ. ಅದರ ಖಾರವನ್ನು ತಮಗೆ ತಿಳಿದ ಖಾರದ ಜೊತೆಗೆ ಹೋಲಿಸಿ, ಮೆಣಸಿನ ಜಾತಿಯೊಳಗೆ ಅದನ್ನು ಸೇರಿಸಿಕೊಂಡರು. ಬರಬರುತ್ತ ಹೊಸಬನೇ ಹೆಸರಿನ ಒಡೆಯನಾದನು. ಮನೆಯ ಯಜಮಾನನಿಗೆ ವಿಶೇಷಣವೊಂದು ಬೇಕಾಯಿತು. ಇಂದು ಕರಾವಳಿಯಲ್ಲಿ ‘ಮೆಣಸು’ ಎಂದರೆ ಕೆಂಪು ಮೆಣಸೇ. ಹಳೆಯ ಕಾಳು ‘ಒಳ್ಳೆಮೆಣಸು’. ತುಳುವಿನಲ್ಲಿಯೂ ಇದೇ ಕ್ರಮ: ‘ಮುಂಚಿ’ ಎಂಬುದು ಹೊಸಬನ ಪಾಲಾಗಿ, ಹಳಬನು ‘ಎಡ್ಡೆಮುಂಚಿ’ ಎನಿಸಿಕೊಂಡನು. ಆ ‘ಒಳ್ಳೆ’, ‘ಎಡ್ಡೆ’ ಎಂಬ ಒಂದೊಂದು ಮಾತಿನಲ್ಲಿ ಸ್ವೀಕಾರವೂ ಇದೆ, ತಾರತಮ್ಯದ ತೀರ್ಮಾನವೂ ಇದೆ. ಕಾಯಿಯನ್ನು ತೆಗೆದುಕೊಂಡ ಜನ ಅದಕ್ಕೆ ಊಟದಲ್ಲಿ ಮೊದಲ ಸ್ಥಾನ ಕೊಟ್ಟರು. ಒಳ್ಳೆಯದೆಂಬ ಬಿರುದನ್ನು ಮಾತ್ರ ಹಳೆಯ ಕಾಳಿಗೇ ಉಳಿಸಿದರು.

ಗೇರಿನ ಸಂಗತಿಯೂ ಹೀಗೆಯೇ. ‘ಗೇರು’ ಎಂಬುದು ಅಗಸರು ಬಟ್ಟೆಗೆ ಗುರುತು ಹಾಕಲು ಬಳಸುತ್ತಿದ್ದ ಕಪ್ಪು ರಸದ ಕಾಯಿಯ, ಸಂಸ್ಕೃತದ ಭಲ್ಲಾತಕದ, ಕನ್ನಡ ಹೆಸರು. ಬ್ರೆಜಿಲ್ಲಿನಿಂದ ಬಂದ ಮರದ ಬೀಜಕ್ಕೂ ಸುಡುವ ರಸವಿದ್ದುದನ್ನು ಕಂಡು ಜನರು ಅದನ್ನೂ ಗೇರು ಎಂದರು. ಕೊಂಕಣಿಯಲ್ಲಿ ‘ಬಿಬ್ಬೊ’ ಎಂಬ ಮಾತು ಸಹ ಇದೇ ದಾರಿಯನ್ನು ಹಿಡಿದುದು. ಎರಡು ಮರಗಳೂ ಒಂದೇ ಕುಟುಂಬಕ್ಕೆ ಸೇರಿದವೆಂದು ಸಸ್ಯಶಾಸ್ತ್ರವೂ ಹೇಳುತ್ತದೆ. ಹೆಸರಿಡುವುದು ಒಂದು ವರ್ಗೀಕರಣ. ವರ್ಗೀಕರಣವು ಒಂದು ಬುದ್ಧಿವ್ಯಾಪಾರ. ಪ್ರಸರಣದ ನಕ್ಷೆಗಳಲ್ಲಿ ಈ ಬುದ್ಧಿವ್ಯಾಪಾರದ ಗುರುತೇ ಇಲ್ಲದಿರುವುದನ್ನು ನಾವು ದೊಡ್ಡ ಕೊರತೆಯೆಂದು ಭಾವಿಸುತ್ತೇವೆ.

5

ಮೂರನೆಯದು ಹಂಚಿನ ದೃಷ್ಟಾಂತ. ಹಂಪನಕಟ್ಟೆಯ ಸುತ್ತಲಿನ ಸಾಂಸ್ಕೃತಿಕ ಭೂದೃಶ್ಯವನ್ನು ಒಂದು ಶತಮಾನಕ್ಕೂ ಮಿಕ್ಕಿ ಆಳಿದುದು ಕೆಂಪು ಹಂಚಿನ ಮಾಡು. ಬಾಸೆಲ್ ಮಿಶನ್ನಿನವರು ಮಂಗಳೂರಿಗೆ ಬಂದುದು 1834ರಲ್ಲಿ. ಮತಾಂತರಗೊಂಡವರು ತಮ್ಮ ಜಾತಿಯಿಂದಲೂ ಅನೇಕ ವೇಳೆ ಕಸುಬಿನಿಂದಲೂ ಹೊರಬಿದ್ದುದರಿಂದ ಅವರಿಗೆ ಜೀವನೋಪಾಯ ಕಲ್ಪಿಸುವ ಹೊಣೆ ಮಿಶನ್ನಿನ ಮೇಲೆ ಬಿದ್ದಿತು. ನೆಯ್ಗೆ, ಮುದ್ರಣ, ಹಂಚಿನ ಉದ್ಯೋಗಗಳು ಈ ಅಗತ್ಯದಿಂದ ಬೆಳೆದವು. ಜಾರ್ಜ್ ಪ್ಲೆಬ್ಸ್ಟ್ ಅವರ ಪ್ರಯತ್ನದಿಂದ 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ನೆಲೆಗೊಂಡಿತು. ಒಂದರ ಅಂಚು ಮತ್ತೊಂದರ ಅಂಚಿಗೆ ಕಚ್ಚಿಕೊಳ್ಳುವ ಈ ಹಂಚಿನ ಮಾದರಿ ಫ್ರಾನ್ಸಿನ ಆಲ್ಸಾಸ್ ಪ್ರಾಂತದ ಗಿಲಾರ್ಡೋನಿ ಸಹೋದರರದು. ಅವರು ಅದಕ್ಕೆ ಹಕ್ಕು ಪಡೆದುದು 1841ರಲ್ಲಿ.

ಹಾಗಾದರೆ ಆಲ್ಸಾಸ್ ಕೇಂದ್ರ, ಮಂಗಳೂರು ಅಂಚು ಎಂದು ಹೇಳಿ ಮುಗಿಸಬಹುದೆ? ಮಾದರಿ ಬಂದುದು ಅಲ್ಲಿಂದ. ಆದರೆ ಅದು ಇಲ್ಲಿ ನೆಲೆ ನಿಂತುದಕ್ಕೆ ಇಲ್ಲಿನ ಕಾರಣಗಳೇ ಬೇಕಾದವು. ನೇತ್ರಾವತಿ ಮತ್ತು ಗುರುಪುರ ನದಿಗಳ ದಡದ ಆವೆಮಣ್ಣು, ಘಟ್ಟದ ಕಡೆಯ ಕಟ್ಟಿಗೆ, ಅವನ್ನು ಸಾಗಿಸುವ ದೋಣಿಗಳು, ಹಂಚನ್ನು ಹೊರನಾಡಿಗೆ ಒಯ್ಯುವ ಬಂದರು, ಕೆಲಸವಿಲ್ಲದೆ ನಿಂತ ಕೈಗಳು ಇವೆಲ್ಲ ಒಂದೆಡೆ ಕೂಡಿದ್ದವು. ವರ್ಷಕ್ಕೆ 3,500 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವ ಈ ನೆಲದಲ್ಲಿ ಮುಳಿಹುಲ್ಲಿನ ಮಾಡನ್ನು ಮತ್ತೆ ಮತ್ತೆ ಹೊದಿಸಬೇಕಾಗುತ್ತಿತ್ತು. ಬೆಂಕಿಯ ಭಯ ಬೇರೆ. ಕೆಲವೇ ವರ್ಷಗಳಲ್ಲಿ ಊರಿನ ಉದ್ಯಮಿಗಳು ತಮ್ಮದೇ ಕಾರ್ಖಾನೆಗಳನ್ನು ತೆರೆದರು. ಅಲ್ಬುಕರ್ಕ್ ಮನೆತನದವರ ಕಾರ್ಖಾನೆ ಅವುಗಳಲ್ಲಿ ಹೆಸರಾದುದು. ಇಲ್ಲಿನ ಹಂಚು ಬರ್ಮಾ, ಸಿಂಹಳ, ಪೂರ್ವ ಆಫ್ರಿಕಗಳವರೆಗೆ ಹೋಯಿತು. ಹೋದೆಡೆಯಲ್ಲೆಲ್ಲ ಅದರ ಹೆಸರು ‘ಮಂಗಳೂರು ಹಂಚು’. ಪಡೆದ ಊರೇ ಕಳುಹಿಸುವ ಊರಾಯಿತು. ಆಲ್ಸಾಸಿನ ಹೆಸರು ಅಳಿಯಿತು. ಒಂದನೆಯ ಮಹಾಯುದ್ಧದ ಬಳಿಕ ಮಿಶನ್ನಿನ ಉದ್ಯಮಗಳು ಕಾಮನ್‌ವೆಲ್ತ್ ಟ್ರಸ್ಟಿನ ಕೈಸೇರಿದಾಗಲೂ ಹೆಸರು ಊರಿನದಾಗಿಯೇ ಉಳಿಯಿತು.

ಇಲ್ಲಿ ಒಂದು ಆಕ್ಷೇಪಕ್ಕೆ ಅವಕಾಶವುಂಟು. ಪಡೆಯುವವನ ಆಯ್ಕೆಯನ್ನು ನಾವು ಅತಿಯಾಗಿ ಹೊಗಳುತ್ತಿಲ್ಲವೆ? ಈ ಆಕ್ಷೇಪದಲ್ಲಿ ಹುರುಳಿದೆ. ಮುದ್ರಣದ ಇತಿಹಾಸವನ್ನು ನೋಡಿರಿ. ಬಾಸೆಲ್ ಮಿಶನ್ ಮುದ್ರಣಾಲಯವು 1841ರಲ್ಲಿ ಆರಂಭವಾಯಿತು, ಹರ್ಮನ್ ಮೋಗ್ಲಿಂಗ್ ಅವರು 1843ರ ಜುಲೈ 1ರಂದು ‘ಮಂಗಳೂರ ಸಮಾಚಾರ’ವನ್ನು ಕಲ್ಲಚ್ಚಿನಲ್ಲಿ ಹೊರತಂದರು, ಮೆನ್ನರ್ ಅವರ ತುಳು ನಿಘಂಟು 1886ರಲ್ಲಿಯೂ ಕಿಟ್ಟೆಲ್ ಅವರ ಕನ್ನಡ ನಿಘಂಟು 1894ರಲ್ಲಿಯೂ ಇದೇ ಮುದ್ರಣಾಲಯದಿಂದ ಬಂದವು. ತುಳುವಿಗೆ ಹಳೆಯದೊಂದು ಲಿಪಿಯಿದ್ದಿತು. ತಾಳೆಯೋಲೆಗಳಲ್ಲಿ ಅದರ ಬಳಕೆ ನಡೆದಿತ್ತು. ಅಚ್ಚಿನ ಕೆಲಸಕ್ಕೆ ಮಿಶನ್ನಿನವರು ಆರಿಸಿದುದು ಕನ್ನಡ ಲಿಪಿಯನ್ನು. ಕೆಲವೇ ಮಂದಿಯ ಈ ನಿರ್ಣಯವನ್ನು ಲಕ್ಷಾಂತರ ತುಳುವರು ಅನುಸರಿಸಬೇಕಾಯಿತು. ಇದನ್ನು ಊರಿನ ಆಯ್ಕೆಯೆನ್ನಲಾಗದು. ತುಳು–ತಿಗಳಾರಿ ಲಿಪಿಗೆ ಯೂನಿಕೋಡಿನಲ್ಲಿ ಸ್ಥಾನ ದೊರೆತುದು 2024ರಲ್ಲಿ. ಆ ಹಳೆಯ ಲಿಪಿಯನ್ನು ಮತ್ತೆ ಕಲಿಯುವ, ಕಲಿಸುವ ಉತ್ಸಾಹ ಇಂದು ತುಳುನಾಡಿನಲ್ಲಿ ಕಾಣುತ್ತಿದೆ. ಕೊಂಕಣಿಯ ಮಾತು ಬೇರೆ. ಗೋವೆಯಿಂದ ವಲಸೆ ಬಂದವರ ಭಾಷೆಯು ಅಲ್ಲಿ ದೇವನಾಗರಿ, ರೋಮನ್ ಲಿಪಿಗಳಲ್ಲಿ ನಡೆದರೆ, ಇಲ್ಲಿ ಕನ್ನಡ ಲಿಪಿಯನ್ನು ತನ್ನದಾಗಿಸಿಕೊಂಡಿತು. 1938ರಲ್ಲಿ ಹುಟ್ಟಿದ ‘ರಾಕ್ಣೊ’ ಪತ್ರಿಕೆ ಕನ್ನಡ ಲಿಪಿಯದು. ಒಂದೇ ಲಿಪಿ, ಎರಡು ಭಾಷೆಗಳು. ಒಂದಕ್ಕೆ ಅದು ಮುದ್ರಣಾಲಯದ ನಿರ್ಣಯದಿಂದ ಬಂದುದು, ಇನ್ನೊಂದು ನೆರೆಹೊರೆಯ ಬಾಳಿನಲ್ಲಿ ಒಲಿಸಿಕೊಂಡುದು. ನಕ್ಷೆಯಲ್ಲಿ ಎರಡಕ್ಕೂ ಒಂದೇ ಬಣ್ಣ ಬಳಿಯುವ ಶಾಸ್ತ್ರವು ಈ ಭೇದವನ್ನು ಕಾಣಲಾರದು.

6

ಈವರೆಗೆ ಸ್ವೀಕಾರದ ಮಾತಾಯಿತು. ಇನ್ನು ನಿರಾಕರಣೆಯ ಮಾತು. ಪ್ರಸರಣಕ್ಕೆ ತಡೆಗಳುಂಟೆಂಬುದನ್ನು ಹೇಗರ್‌ಸ್ಟ್ರಾಂಡ್ ಅವರು ಮರೆತವರಲ್ಲ. ನೀರು, ಕಾಡು ಮುಂತಾದ ಭೌತಿಕ ತಡೆಗಳನ್ನೂ ಸ್ವೀಕರಿಸುವವನ ಹಿಂಜರಿಕೆಯನ್ನೂ ಅವರು ಲೆಕ್ಕಕ್ಕೆ ತೆಗೆದುಕೊಂಡಿದ್ದಾರೆ. ಆದರೆ ಅವರ ಲೆಕ್ಕದಲ್ಲಿ ತಡೆಯಿರುವುದು ನೆಲದಲ್ಲಿ ಅಥವಾ ಪಡೆಯುವವನ ಮನಸ್ಸಿನಲ್ಲಿ. ಪಡೆಯಲು ಕಾತರನಾದವನನ್ನು ಮತ್ತೊಬ್ಬನು ಬಾಗಿಲಲ್ಲೇ ತಡೆದು ನಿಲ್ಲಿಸುವ ಸಂದರ್ಭಕ್ಕೆ ಅಲ್ಲಿ ಸ್ಥಾನ ದೊರೆತಿಲ್ಲ. ನಮ್ಮ ನಾಡಿನಲ್ಲಿ ಮುಖ್ಯವಾದ ತಡೆಯು ಇದೇ.

ಹಂಪನಕಟ್ಟೆಯ ಬಳಿಯ ಪುರಭವನವು ಕುದ್ಮುಲ್ ರಂಗರಾಯರ ಹೆಸರನ್ನು ಹೊತ್ತಿದೆ. 1859ರಲ್ಲಿ ಹುಟ್ಟಿ 1928ರಲ್ಲಿ ತೀರಿಕೊಂಡ ರಂಗರಾಯರು 1897ರಲ್ಲಿ ಮಂಗಳೂರಿನಲ್ಲಿ ದಲಿತವರ್ಗಗಳ ಮಿಶನ್ನನ್ನು ಸ್ಥಾಪಿಸಿ, ಅಸ್ಪೃಶ್ಯರೆನಿಸಿಕೊಂಡವರ ಮಕ್ಕಳಿಗೆ ಶಾಲೆಗಳನ್ನು ನಡೆಸಿದರು. ಸಾರಸ್ವತ ಬ್ರಾಹ್ಮಣರಾಗಿದ್ದ ಅವರು ಇದಕ್ಕಾಗಿ ಸ್ವಜನರ ಬಹಿಷ್ಕಾರವನ್ನೂ ಅನುಭವಿಸಿದರು. ಇಲ್ಲಿ ವಿಚಾರಿಸಬೇಕಾದ ಅಂಶವೊಂದುಂಟು. 1868ರ ಶಾಲೆ, 1880ರ ಕಾಲೇಜು, ಮಿಶನ್ನಿನ ಶಾಲೆಗಳು ಎಲ್ಲವೂ ಇದ್ದ ಪಟ್ಟಣದಲ್ಲಿ ಪ್ರತ್ಯೇಕ ಶಾಲೆಯ ಅಗತ್ಯವೇಕೆ ಬಂದಿತು? ನೆರೆಯಿಂದ ನೆರೆಗೆ ಹಬ್ಬುವ ಅಲೆಯ ಸಿದ್ಧಾಂತದ ಪ್ರಕಾರ ಹತ್ತಿರದವನು ಮೊದಲು ಪಡೆಯಬೇಕು. ಇಲ್ಲಿ ಹತ್ತಿರದವನೇ ಕೊನೆಯವನಾದನು. ಕೂಗಳತೆಯ ಶಾಲೆಯು ಅವನ ಪಾಲಿಗೆ ಲಂಡನ್ನಿಗಿಂತ ದೂರವಿದ್ದಿತು.

ಇದರ ಮರುಮಗ್ಗುಲನ್ನು ಕುದ್ರೋಳಿಯಲ್ಲಿ ಕಾಣಬಹುದು. ದೇವಾಲಯಗಳ ಪ್ರವೇಶದಿಂದ ವಂಚಿತರಾಗಿದ್ದ ಬಿಲ್ಲವರು, 1888ರಲ್ಲಿ ಅರುವಿಪ್ಪುರಂನಲ್ಲಿ ಶಿವಲಿಂಗವನ್ನು ಸ್ಥಾಪಿಸಿದ್ದ ನಾರಾಯಣ ಗುರುಗಳನ್ನು ಕೇರಳದಿಂದ ಬರಮಾಡಿಕೊಂಡರು. 1912ರಲ್ಲಿ ಗುರುಗಳ ಕೈಯಿಂದ ಗೋಕರ್ಣನಾಥೇಶ್ವರನ ಪ್ರತಿಷ್ಠೆಯಾಯಿತು. ರೈಲುಮಾರ್ಗವು ಮಂಗಳೂರನ್ನು ಮುಟ್ಟಿದುದು 1907ರಲ್ಲಿ. ಸಂಚಾರಸೌಕರ್ಯವೇ ವಿಚಾರವನ್ನು ತಂದಿತೆಂದು ಯಾರಾದರೂ ಹೇಳಬಹುದು. ಆದರೆ ರೈಲು ಎಲ್ಲ ಜಾತಿಯವರಿಗೂ ಬಂದಿತ್ತು. ತಿರುವನಂತಪುರದ ಸಮೀಪದ ವಿಚಾರವೊಂದನ್ನು ಇಷ್ಟು ದೂರದಿಂದ ತಂದುಕೊಂಡವರು ಅದರ ಅಗತ್ಯವಿದ್ದವರು ಮಾತ್ರ. ಅವರ ಮಟ್ಟಿಗೆ ಅರುವಿಪ್ಪುರಂ ಸಮೀಪದಲ್ಲಿತ್ತು, ಪಕ್ಕದ ಬೀದಿಯ ಗುಡಿ ದೂರದಲ್ಲಿತ್ತು. ಆದುದರಿಂದ ದೂರವನ್ನು ಮೈಲಿಗಲ್ಲುಗಳಿಂದ ಮಾತ್ರ ಅಳೆಯುವ ಭೂಗೋಳವು ನಮ್ಮ ಸಮಾಜವನ್ನು ಅರ್ಥಮಾಡಿಕೊಳ್ಳಲು ಸಾಲದು.

ಎಂ. ಎನ್. ಶ್ರೀನಿವಾಸ್ ಅವರು ಕೊಡಗರನ್ನು ಕುರಿತ 1952ರ ಗ್ರಂಥದಲ್ಲಿ ನಿರೂಪಿಸಿದ ‘ಸಂಸ್ಕೃತೀಕರಣ’ ತತ್ತ್ವವು ಕುದ್ರೋಳಿಗೆ ಅನ್ವಯಿಸುವುದಿಲ್ಲವೆ ಎಂದು ಕೇಳಬಹುದು. ಕೆಳಗಿನ ಸ್ಥಾನದ ಜಾತಿಯು ಮೇಲಿನವರ ಆಚಾರವನ್ನು ಅನುಸರಿಸಿ ಸ್ಥಾನವನ್ನು ಏರಿಸಿಕೊಳ್ಳುವುದೆಂಬ ಈ ತತ್ತ್ವವು ಬಹುಮಟ್ಟಿಗೆ ಶ್ರೇಣೀಕೃತ ಪ್ರಸರಣದ ಭಾರತೀಯ ರೂಪವೇ ಆಗಿದೆ. ಶಿವಪೂಜೆಯನ್ನು ಸ್ವೀಕರಿಸಿದ ಮಟ್ಟಿಗೆ ಅದು ಇಲ್ಲಿಗೆ ಸಲ್ಲುತ್ತದೆ. ಆದರೆ ಶಿವನನ್ನು ಪ್ರತಿಷ್ಠಿಸುವ ಅಧಿಕಾರ ಯಾರದೆಂಬ ಪ್ರಶ್ನೆಯನ್ನು ಅದೇ ಕ್ಷಣದಲ್ಲಿ ಎತ್ತಿದುದು ಅನುಕರಣೆಯಲ್ಲ. ಮೇಲಾಗಿ, ಗೋಕರ್ಣನಾಥನು ಬಂದ ಮೇಲೂ ಕೋಟಿ–ಚೆನ್ನಯರ ಗರಡಿಗಳು ಮುಚ್ಚಲಿಲ್ಲ, ದೈವಾರಾಧನೆ ನಿಲ್ಲಲಿಲ್ಲ. ಹೊಸದು ಬಂದಾಗ ಹಳೆಯದು ಜಾಗ ಬಿಡಬೇಕೆಂಬ ನಿಯಮವಿಲ್ಲ. ಈ ದೇವಾಲಯದ ನವರಾತ್ರಿ ಇಂದು ‘ಮಂಗಳೂರು ದಸರಾ’ ಎಂದು ಪ್ರಸಿದ್ಧವಾಗಿದೆ. ಮೈಸೂರಿನಲ್ಲಿ ಅರಸರ ಉತ್ಸವವಾಗಿ ಬೆಳೆದ ದಸರಾ ಇಲ್ಲಿ, ಒಂದು ಕಾಲಕ್ಕೆ ಗುಡಿಯ ಹೊರಗೆ ನಿಲ್ಲಬೇಕಾಗಿದ್ದ ಜನರ ದೇವಾಲಯದಿಂದ ಹೊರಡುವ ಮೆರವಣಿಗೆಯಾಗಿದೆ. ಅದರ ಮುಂದೆ ಕುಣಿಯುವುದು ತುಳುನಾಡಿನ ಹುಲಿವೇಷ.

7

ಪ್ರಸರಣವಾದದ ವಿರುದ್ಧ ಗಂಭೀರವಾದ ಆಕ್ಷೇಪಗಳನ್ನು ಎತ್ತಿದವರು ಇಲ್ಲದಿಲ್ಲ. ಕ್ಯೂಬಾದ ಫೆರ್ನಾಂಡೊ ಓರ್ಟಿಸ್ ಅವರು 1940ರಲ್ಲಿಯೇ, ಸಂಪರ್ಕಕ್ಕೆ ಬಂದ ಎರಡು ಸಂಸ್ಕೃತಿಗಳೂ ಮಾರ್ಪಟ್ಟು ಮೂರನೆಯದೊಂದು ಹುಟ್ಟುವುದೆಂದು ಪ್ರತಿಪಾದಿಸಿ, ಪರಸಂಸ್ಕೃತಿಗ್ರಹಣವೆಂಬ ಏಕಮುಖವಾದ ಶಬ್ದವನ್ನು ಬದಲಿಸಬೇಕೆಂದರು. ಜೇಮ್ಸ್ ಬ್ಲಾಟ್ ಅವರು 1993ರ ಗ್ರಂಥದಲ್ಲಿ, ಯೂರೋಪು ಸೃಷ್ಟಿಸುತ್ತದೆ, ಉಳಿದ ಲೋಕವು ಸ್ವೀಕರಿಸುತ್ತದೆ ಎಂಬ ನಂಬಿಕೆಯನ್ನು ವಸಾಹತುಗಾರನ ಲೋಕಚಿತ್ರವೆಂದು ಖಂಡಿಸಿದರು. ಇವರ ವಾದಗಳನ್ನು ನಾವು ಬಹುಮಟ್ಟಿಗೆ ಒಪ್ಪುತ್ತೇವೆ. ಆದರೆ ಯೂರೋಪಿನ ಕೇಂದ್ರವನ್ನು ಕಿತ್ತು ನಮ್ಮ ಊರನ್ನು ಕೇಂದ್ರವಾಗಿ ನೆಡುವುದು ಇದಕ್ಕೆ ಪರಿಹಾರವಲ್ಲ. ಖಾಕಿ ಬಣ್ಣವು ಮಂಗಳೂರಿನ ಮಿಶನ್ ನೆಯ್ಗೆಶಾಲೆಯಲ್ಲಿಯೇ ಹುಟ್ಟಿತೆಂಬ ಮಾತನ್ನು ಇಲ್ಲಿ ಹೆಮ್ಮೆಯಿಂದ ಹೇಳುವುದುಂಟು. ವಾಯವ್ಯ ಗಡಿಯಲ್ಲಿ 1846ರಲ್ಲಿ ಕಟ್ಟಿದ ಸೈನ್ಯದಳದ ಉಡುಪಿನಿಂದಲೇ ಅದು ಬಂದಿತೆಂಬ ಮಾತೂ ಉಂಟು. ‘ಮೊದಲು ಯಾರು’ ಎಂಬ ಈ ಜಗಳದಲ್ಲಿ ಗೆದ್ದವರಿಗೆ ಹೆಮ್ಮೆ ದೊರೆಯಬಹುದು. ಆ ಬಣ್ಣವನ್ನು ಯಾರು ಯಾಕೆ ತೊಟ್ಟರೆಂಬ ತಿಳಿವಳಿಕೆ ದೊರೆಯಲಾರದು.

ಕೊನೆಯದಾಗಿ ಹಂಪನಕಟ್ಟೆಯ ಹೆಸರಿನ ಬಗೆಗೆ ಒಂದು ಮಾತು. ಅಪ್ಪಣ್ಣನೆಂಬವನು ಇಲ್ಲಿ ದಾರಿಹೋಕರಿಗೆ ಕುಡಿಯುವ ನೀರು ಕೊಡುತ್ತಿದ್ದನೆಂದೂ ಅಪ್ಪಣ್ಣನ ಕಟ್ಟೆಯೇ ಹಂಪನಕಟ್ಟೆಯಾಯಿತೆಂದೂ ಊರಿನ ಐತಿಹ್ಯ. 2021ರಲ್ಲಿ ರಸ್ತೆಯ ಕಾಮಗಾರಿಯ ವೇಳೆ ಇಲ್ಲಿ ಹಳೆಯ ಬಾವಿಯೊಂದು ಹೊರಬಿದ್ದಾಗ ಜನರು ಈ ಕಥೆಯನ್ನು ಮತ್ತೆ ನೆನೆದರು. ಬಾವಿಯು ಕಥೆಗೆ ಪ್ರಮಾಣವಾಗದು. ಐತಿಹ್ಯವನ್ನು ಐತಿಹ್ಯವೆಂದೇ ಇಟ್ಟುಕೊಳ್ಳಬೇಕು. ಆದರೆ ‘ಕಟ್ಟೆ’ ಎಂಬ ಮಾತು ನಮಗೆ ಉಪಯುಕ್ತವಾದುದು. ಬಂದವನು ಹೊರೆಯನ್ನಿಳಿಸಿ ಕೂರುವುದು ಕಟ್ಟೆಯ ಮೇಲೆ. ಹೊರೆಯಲ್ಲಿರುವುದೇನೆಂದು ಊರವರು ನೋಡುವುದು, ಬೆಲೆ ಕಟ್ಟುವುದು, ಬೇಕಾದುದನ್ನು ಕೊಳ್ಳುವುದು, ಬೇಡವಾದುದನ್ನು ಬಿಡುವುದು ಅಲ್ಲಿಯೇ. ಕಟ್ಟೆಯ ಮೇಲೆ ಕೂರುವ ಹಕ್ಕು ಯಾರಿಗಿತ್ತು, ಯಾರಿಗಿರಲಿಲ್ಲ ಎಂಬ ಪ್ರಶ್ನೆಯೂ ಆ ಮಾತಿನೊಡನೆಯೇ ಬರುತ್ತದೆ. ಉಗಮಕೇಂದ್ರಗಳನ್ನು ಹುಡುಕುವಷ್ಟೇ ಶ್ರದ್ಧೆಯಿಂದ ಇಂಥ ಕಟ್ಟೆಗಳನ್ನು ಅಭ್ಯಸಿಸುವುದು ನಮ್ಮ ಶಾಸ್ತ್ರದ ಕರ್ತವ್ಯವಾಗಬೇಕು.

ಇದಕ್ಕೆ ಮೂರು ಕ್ರಮಗಳನ್ನು ಸೂಚಿಸಬಹುದು. ಯಾವುದೇ ವಸ್ತು ಅಥವಾ ವಿಚಾರವು ಊರಿಗೆ ಬಂದ ವರ್ಷವನ್ನು ಬರೆಯುವಾಗ, ಊರಿನವರು ಅದನ್ನು ಮೊದಲು ತಾವೇ ತಯಾರಿಸಿದ ಅಥವಾ ನಡೆಸಿದ ವರ್ಷವನ್ನೂ ಬರೆಯತಕ್ಕದ್ದು. ಎರಡು ವರ್ಷಗಳ ಅಂತರವೇ ಸ್ವೀಕಾರದ ಇತಿಹಾಸ. ಎರಡನೆಯದಾಗಿ, ವಸ್ತುವಿಗೆ ಪ್ರತಿಯೊಂದು ಭಾಷೆಯಲ್ಲಿ ಕೊಟ್ಟ ಹೆಸರನ್ನು ಪ್ರಮಾಣವಾಗಿ ಪರಿಗಣಿಸತಕ್ಕದ್ದು. ಮೂರನೆಯದಾಗಿ, ಯಾರಿಗೆ ಅದು ದಕ್ಕಲಿಲ್ಲ, ಯಾರು ತಡೆದರು ಎಂಬುದನ್ನು ಪ್ರತ್ಯೇಕವಾಗಿ ದಾಖಲಿಸತಕ್ಕದ್ದು. ಈ ಕೆಲಸವನ್ನು ಮುಂದೂಡುವಂತಿಲ್ಲ. ಹಂಚಿನ ಕಾರ್ಖಾನೆಗಳು ಬಹಳಷ್ಟು ಮುಚ್ಚಿವೆ. ಮಾಡುಗಳ ಜಾಗದಲ್ಲಿ ಕಾಂಕ್ರೀಟಿನ ತಾರಸಿಗಳು ಬಂದಿವೆ. ಅಚ್ಚುಗಳೂ ಲೆಕ್ಕದ ಪುಸ್ತಕಗಳೂ ಗುಜರಿಯ ಪಾಲಾಗುತ್ತಿವೆ. ಮಣ್ಣು ತುಳಿದ, ಹಂಚು ಒಣಗಿಸಿದ ಹಿರಿಯರ ನೆನಪುಗಳು ಅವರೊಡನೆಯೇ ಹೋಗುತ್ತಿವೆ. ಹಂಚು ಎಲ್ಲಿಂದ ಬಂದಿತೆಂಬುದನ್ನು ನೂರು ವರ್ಷಗಳ ಬಳಿಕವೂ ಯೂರೋಪಿನ ದಾಖಲೆಗಳಿಂದ ತಿಳಿಯಬಹುದು. ಇಲ್ಲಿ ಅದನ್ನು ಯಾರು ಮಾಡಿದರೆಂಬುದನ್ನು ಮಾತ್ರ ಈಗಲೇ, ಇಲ್ಲಿಯೇ ಕೇಳಿ ಬರೆದುಕೊಳ್ಳಬೇಕು. ಹಂಪನಕಟ್ಟೆಯ ಸುತ್ತಲಿನ ಒಂದು ಬೀದಿಯಿಂದಲಾದರೂ ನಮ್ಮ ಸ್ನಾತಕೋತ್ತರ ವಿದ್ಯಾರ್ಥಿಗಳು ಈ ಕೆಲಸವನ್ನು ಬರುವ ವರ್ಷವೇ ಆರಂಭಿಸಲೆಂದು ನಾವು ಆಶಿಸುತ್ತೇವೆ.